ಮಾತಾಡಿದವರ ಹೆಸರು

ಮೇಷ್ಟ್ರು ಸ್ಟಾಫ್ ರೂಮಿನ ಕಡೆ ಹೋದ ಕೂಡಲೇ ಕ್ಲಾಸ್ ಲೀಡರ್ ಎದ್ದು ಬೋರ್ಡಿನ ಬಲಮೂಲೆಯಲ್ಲಿ ಒಂದು ಗೆರೆ ಎಳೆಯುತ್ತಾನೆ. ‘ಮಾತಾಡಿದವರು’ ಎಂದು ಬರೆದು ಅಡಿಗೆರೆ ಹಾಕುತ್ತಾನೆ. ಆಮೇಲೆ ಸೀಮೆಸುಣ್ಣ ಹಿಡಿದು ಎಲ್ಲರ ಬಾಯಿ ನೋಡುತ್ತಾ ನಿಲ್ಲುತ್ತಾನೆ. ತುಟಿ ಒಂದು ಸಲ ಅಲುಗಿದರೆ ಹೆಸರು, ಎರಡನೇ ಸಲಕ್ಕೆ ಹೆಸರಿನ ಮುಂದೊಂದು ಇಂಟು ಮಾರ್ಕು, ಮೂರನೆಯದಕ್ಕೆ ಮತ್ತೊಂದು. ಗೆಳೆಯನ ಹೆಸರಾದರೆ ಅಂಗೈಯಿಂದ ಒರೆಸುವುದೂ ಉಂಟು, ಆಗದವನದಾದರೆ ಅವನು ಸುಮ್ಮನೆ ಕೂತಿದ್ದರೂ ಬರೆಯುವುದುಂಟು. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಈ ಪಟ್ಟಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ನನ್ನ ಹೆಸರೂ ಬಿದ್ದಿದೆ. ಮುಂದೆ ಮೇಷ್ಟ್ರಾದ ಮೇಲೆ ನಾನೂ ಬರೆಸಿದ್ದೇನೆ.

ಇದರೊಳಗಿನ ತಮಾಷೆ ನನಗೆ ಹೊಳೆದದ್ದು ಬಹಳ ತಡವಾಗಿ. ಇಡೀ ದಿನದಲ್ಲಿ ತರಗತಿ ಮಕ್ಕಳ ಕೈಗೆ ಸಿಗುವುದು ಆ ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷದಲ್ಲಿ ನಾವು ಅವರಿಗೆ ವಹಿಸುವ ಕೆಲಸವೆಂದರೆ, ಯಾರು ಬಾಯಿ ಬಿಟ್ಟರೆಂದು ಪತ್ತೆ ಹಚ್ಚುವುದು.

ನಾನು ತಿಪಟೂರು ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪದವೀಧರ ಪ್ರಾಥಮಿಕ (ಜಿಪಿಟಿ) ಶಿಕ್ಷಕ. ಆರು, ಏಳು, ಎಂಟನೇ ತರಗತಿಗಳಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ನನ್ನ ಪಾಠ ಹೇಗಿದೆ ಕೇಳೋಣವೆಂದು ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ಡಸ್ಟರಿನ ಪಕ್ಕ ಇಟ್ಟಿದ್ದೆ. ಏಳನೇ ತರಗತಿ, ನೀರಾವರಿ ಪಾಠ. ರಾತ್ರಿ ಊಟವಾದ ಮೇಲೆ ಹಾಕಿ ಕೇಳಿದೆ. “ಮಳೆ ನೀರು ಹರಿದು ಬಂದು ಎಲ್ಲಿ ಸೇರುತ್ತೆ? ಕೆ…” ಎಂದು ನಾನು ಅರ್ಧ ಪದ ಎಳೆಯುತ್ತೇನೆ. “…ರೇ!” ಎಂದು ಮೂವತ್ತೆಂಟು ಗಂಟಲು ಅದನ್ನು ಮುಗಿಸುತ್ತವೆ. “ಕೆರೆ ನೀರನ್ನ ಗದ್ದೆಗೆ ಬಿಡೋಕೆ ಏನಿರುತ್ತೆ? ತೂ…” “…ಬೂ!” “ಅರ್ಥ ಆಯ್ತಾ?” “ಆಯ್ತೂ ಸಾ…” ನಲವತ್ತು ನಿಮಿಷವೂ ಇದೇ ಭಜನೆ. ಪ್ರಶ್ನೆಯೂ ನನ್ನದು, ಉತ್ತರದ ಮೊದಲರ್ಧವೂ ನನ್ನದು. ಮಕ್ಕಳ ಪಾಲಿಗೆ ಉಳಿದದ್ದು ಒಂದು ಅಕ್ಷರ.

ಆ ಮಕ್ಕಳಿಗೆ ತೂಬು ಗೊತ್ತಿಲ್ಲವೇ? ಕೆರೆಯಲ್ಲಿ ನೀರಿದ್ದ ವರ್ಷ ಅವರಲ್ಲಿ ಅರ್ಧ ಜನ ತೂಬಿನ ಕಲ್ಲಿನ ಮೇಲಿಂದಲೇ ಧುಮುಕಿದವರು. ಒಬ್ಬನ ತಾತ ನೀರಗಂಟಿಯಾಗಿದ್ದವರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಜಗಳವಾದರೆ ಯಾರ ಮಾತು ನಡೆಯಬೇಕು ಎಂಬುದನ್ನೆಲ್ಲ ಮನೆಯಲ್ಲಿ ಕೇಳಿ ಬೆಳೆದ ಹುಡುಗ ಅವನು. ಅವತ್ತು ಅವನ ಬಾಯಿಂದ ಹೊರಟದ್ದೂ ‘ಬೂ’ ಒಂದೇ.

ಬಿ.ಇಡಿ. ಮಾಡಿದವರಿಗೆ ನೆಡ್ ಫ್ಲ್ಯಾಂಡರ್ಸ್ ನೆನಪಿರಬಹುದು. ಪ್ರತಿ 3 ಸೆಕೆಂಡಿಗೊಮ್ಮೆ ತರಗತಿಯಲ್ಲಿ ಯಾರು, ಎಂಥ ಮಾತಾಡುತ್ತಿದ್ದಾರೆಂದು ಗುರುತು ಹಾಕಿಕೊಳ್ಳುವ ಒಂದು ಪದ್ಧತಿಯನ್ನು ರೂಪಿಸಿದ ಅಮೆರಿಕದ ವಿದ್ವಾಂಸ. ಅವರ ಪಟ್ಟಿಯಲ್ಲಿ ಒಟ್ಟು 10 ವಿಭಾಗ. ಅದರಲ್ಲಿ 7 ಶಿಕ್ಷಕರ ಮಾತಿಗೆ, 2 ಮಕ್ಕಳ ಮಾತಿಗೆ, ಮಿಕ್ಕ 1 ಮೌನಕ್ಕೆ ಅಥವಾ ಗೊಂದಲಕ್ಕೆ. ಅಳೆಯುವ ಕೋಲಿನಲ್ಲೇ ನಮಗೆ ಏಳು ಮನೆ! ಅಳೆದು ಅವರು ಹೇಳಿದ್ದನ್ನು ‘ಮೂರನೇ ಎರಡರ ನಿಯಮ’ ಎನ್ನುತ್ತಾರೆ. ತರಗತಿಯ ಹೊತ್ತಿನಲ್ಲಿ ಮೂರನೇ ಎರಡು ಭಾಗ ಯಾರಾದರೂ ಮಾತಾಡುತ್ತಿರುತ್ತಾರೆ, ಆ ಮಾತಿನಲ್ಲಿ ಮೂರನೇ ಎರಡು ಭಾಗ ಶಿಕ್ಷಕರದೇ. ನಾವು ಇದನ್ನು ನೋಟ್ಸಿನಿಂದ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಪಾಸಾದೆವು. ನಮ್ಮ ಕಾಲೇಜಿನಲ್ಲಿ ಅದನ್ನು ಪಾಠ ಮಾಡಿದವರೂ ಇಡೀ ಗಂಟೆ ತಾವೇ ಮಾತಾಡಿದ್ದರು ಅನ್ನುವುದು ಬೇರೆ ಮಾತು.

ಆದರೆ ಎಷ್ಟು ಮಾತಾಡಿದೆವು ಅನ್ನುವುದಕ್ಕಿಂತ ಮಾತಿನ ಸರದಿ ಹೇಗಿದೆ ಅನ್ನುವುದು ನನ್ನನ್ನು ಹೆಚ್ಚು ಕಾಡಿತು. 1970ರ ದಶಕದಲ್ಲಿ ಕೋರ್ಟ್ನಿ ಕ್ಯಾಜ್ಡನ್ ಎಂಬ ಹಾರ್ವರ್ಡಿನ ಪ್ರಾಧ್ಯಾಪಕಿ ರಜೆ ಹಾಕಿ, ಸ್ಯಾನ್ ಡಿಯಾಗೊದ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಲು ಹೋದರು. ಹ್ಯೂ ಮೆಹಾನ್ ಎಂಬ ಸಮಾಜಶಾಸ್ತ್ರಜ್ಞರು ಅವರ ತರಗತಿಯನ್ನು ಚಿತ್ರೀಕರಿಸಿ, ಮಾತು ಮಾತನ್ನೂ ಬಿಡಿಸಿ ನೋಡಿ, 1979ರಲ್ಲಿ ಪುಸ್ತಕ ಬರೆದರು. ಕಂಡದ್ದು ಮೂರು ಹೆಜ್ಜೆಯ ಕುಣಿತ: ಶಿಕ್ಷಕರು ಕೇಳುತ್ತಾರೆ, ಮಗು ಹೇಳುತ್ತದೆ, ಶಿಕ್ಷಕರು ತೀರ್ಪು ಕೊಡುತ್ತಾರೆ. ಮತ್ತೆ ಕೇಳುತ್ತಾರೆ. ಬೀದಿಯಲ್ಲಿ ಒಬ್ಬರನ್ನು ‘ಟೈಮೆಷ್ಟು?’ ಅಂದು ಕೇಳಿ, ಅವರು ‘ಹತ್ತೂವರೆ’ ಅಂದರೆ ನಾವು ತಲೆಯಾಡಿಸಿ ಮುಂದೆ ಹೋಗುತ್ತೇವೆ. ‘ಭೇಷ್, ಸರಿಯಾಗಿ ಹೇಳಿದೆ, ಕೂತ್ಕೊ’ ಅನ್ನುವುದಿಲ್ಲ. ಹಾಗೆ ಅನ್ನುವುದು ಶಾಲೆಯಲ್ಲಿ ಮಾತ್ರ, ಏಕೆಂದರೆ ಅಲ್ಲಿ ಗಡಿಯಾರ ಕೇಳುವವರ ಕೈಯಲ್ಲೇ ಇರುತ್ತದೆ.

ಮಾತಿನ ಯಜಮಾನಿಕೆ ಕೂತಿರುವುದು ಈ ಮೂರನೇ ಹೆಜ್ಜೆಯಲ್ಲಿ ಎಂದು ನನಗೆ ಅನಿಸತೊಡಗಿತು. ನಾನು ‘ಭೇಷ್’ ಅಂದ ಗಳಿಗೆ ಉಳಿದ ಮೂವತ್ತೇಳು ಜನರ ತಲೆ ಬಾಗಿಲು ಹಾಕಿಕೊಳ್ಳುತ್ತದೆ. ಉತ್ತರ ಬಂತಲ್ಲ, ಇನ್ನೇನು? ‘ತಪ್ಪು’ ಅಂದರೆ ಹೇಳಿದವನ ಬಾಗಿಲೂ ಮುಚ್ಚುತ್ತದೆ. ಎರಡರಲ್ಲೂ ಮಕ್ಕಳ ಮುಖ ನನ್ನ ಕಡೆಗೇ. ಪಕ್ಕದವಳು ಏನಂದಳೆಂದು ಪಕ್ಕದವಳೇ ಕೇಳಿಸಿಕೊಳ್ಳುವುದಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿನ ಹಾಗೆ, ಎಲ್ಲರಿಗೂ ಎದುರಿಗಿರುವವರ ಬೆನ್ನು, ದೂರದಲ್ಲಿ ತಕ್ಕಡಿ ಹಿಡಿದ ಒಬ್ಬ ಮನುಷ್ಯ.

ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ ಅದೇ ದಶಕದ ಆರಂಭದಲ್ಲಿ ಇನ್ನೊಂದು ಸರಳ ಕೆಲಸ ಮಾಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆಂದು ಅಳೆದರು. ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸತೊಡಗಿದರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನಿಸುತ್ತದೆ. ನೀವು ಶಿಕ್ಷಕರಾಗಿದ್ದರೆ ನಾಳೆ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ‘ಒಂದು ತೆಂಗಿನಕಾಯಿ, ಎರಡು ತೆಂಗಿನಕಾಯಿ, ಮೂರು ತೆಂಗಿನಕಾಯಿ’ ಎಂದು ಎಣಿಸಿ ನೋಡಿ. ಎರಡನೇ ಕಾಯಿಗೆ ನಾಲಿಗೆ ತುರಿಸುತ್ತದೆ. ಪಾಠ ಕೈಬಿಟ್ಟು ಹೋಯಿತು, ಕಿಟಕಿಯಾಚೆಯಿಂದ ಹೆಡ್ ಮಾಸ್ಟರ್ ನೋಡುತ್ತಿದ್ದಾರೆ ಎಂದೆಲ್ಲ ಅನಿಸುತ್ತದೆ.

ಮಾತನ್ನು ಮಕ್ಕಳಿಗೆ ಬಿಟ್ಟುಕೊಡುವ ಈ ಕಷ್ಟ ಆರರಿಂದ ಎಂಟನೇ ತರಗತಿಯಲ್ಲಿ ಎದ್ದು ಕಾಣುತ್ತದೆ. ಒಂದರಿಂದ ಮೂರರವರೆಗೆ ನಮ್ಮಲ್ಲಿ ನಲಿಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ರಿಷಿವ್ಯಾಲಿ ಶಾಲೆಯವರ ಪ್ರಯೋಗ ನೋಡಿ ಬಂದ ಶಿಕ್ಷಕರು ಕಟ್ಟಿದ್ದು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ತೆಗೆದುಕೊಂಡು, ತಮ್ಮ ಮೆಟ್ಟಿಲನ್ನು ತಾವೇ ಹತ್ತುತ್ತಾರೆ, ಕಚಪಚ ಮಾತಾಡುತ್ತಾರೆ. ಅದಕ್ಕೂ ಹಿಂದೆ, 1972ರಲ್ಲಿ, ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ ಡೇವಿಡ್ ಹಾರ್ಸ್‌ಬರೋ ನೀಲ್‌ಬಾಗ್ ಎಂಬ ಶಾಲೆ ತೆರೆದು, ಬೇರೆ ಬೇರೆ ವಯಸ್ಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಿದ್ದರು. ಅಂದರೆ ಈ ನೆಲಕ್ಕೆ ಇದು ಹೊಸದಲ್ಲ. ಆದರೆ ನಲಿಕಲಿಯ ಮಗು ಆರಕ್ಕೆ ಬರುವ ಹೊತ್ತಿಗೆ ಡೆಸ್ಕುಗಳು ಬೋರ್ಡಿನ ಕಡೆ ತಿರುಗಿರುತ್ತವೆ, ಗಂಟೆಗೊಬ್ಬ ಮೇಷ್ಟ್ರು ಬರುತ್ತಾರೆ. ಹುಡುಗನ ದನಿ ಒಡೆಯುವ ಕಾಲ, ಬಾಯಿ ತೆರೆದರೆ ಕೀರಲು ಬರುತ್ತದೆಂದು ಅವನು ತೆರೆಯುವುದಿಲ್ಲ. ಐದನೆಯಲ್ಲಿ ಗಟ್ಟಿಯಾಗಿ ಜಗಳವಾಡುತ್ತಿದ್ದ ಹುಡುಗಿ ಏಳಕ್ಕೆ ಬಂದಾಗ ವೇಲು ಸರಿಮಾಡಿಕೊಂಡು ತಲೆ ತಗ್ಗಿಸುತ್ತಾಳೆ. ಲೋಕದ ಮೇಲೆ ಅತಿ ಹೆಚ್ಚು ಅನುಮಾನ, ಅತಿ ಹೆಚ್ಚು ಅಭಿಪ್ರಾಯ ಹುಟ್ಟುವ ವಯಸ್ಸದು. ಅವೆಲ್ಲ ಹೊರಬರುವುದು ಶಾಲೆಯಿಂದ ಮನೆಗೆ ನಡೆದು ಹೋಗುವ ದಾರಿಯಲ್ಲಿ.

ರೆಕಾರ್ಡಿಂಗ್ ಕೇಳಿದ ವಾರದಲ್ಲೇ ನಾನು ‘ಚರ್ಚೆ’ ಶುರುಮಾಡಿದೆ. “ಇವತ್ತು ನಾನು ಮಾತಾಡಲ್ಲ, ನೀವೇ ಚರ್ಚೆ ಮಾಡಿ” ಎಂದು ಹೇಳಿ ಕುರ್ಚಿಯಲ್ಲಿ ಕೂತೆ. ಐದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮೂವರು ಹುಡುಗರು ಶುರುಮಾಡಿ, ಕೊನೆಯವರೆಗೂ ಆ ಮೂವರೇ ಕೂಗಾಡಿದರು. ಹುಡುಗಿಯರ ಕಡೆಯವರು ಗಣಿತದ ಹೋಂವರ್ಕ್ ಮುಗಿಸಿಕೊಂಡರು. ಹೋಂವರ್ಕಾದರೂ ಆಯಿತು ಅನ್ನಬೇಕು.

ಆ ಸೋಲಿನಿಂದ ಒಂದು ವಿಷಯ ತಿಳಿಯಿತು. ನಾನು ಬಾಯಿ ಮುಚ್ಚಿದ ಮಾತ್ರಕ್ಕೆ ಮಾತು ಮಕ್ಕಳದಾಗುವುದಿಲ್ಲ. ನನ್ನ ಜಾಗಕ್ಕೆ ಊರಿನಲ್ಲಿ ಯಾರ ದನಿ ದೊಡ್ಡದೋ ಅವರ ಮನೆಯ ಹುಡುಗ ಬಂದು ಕೂರುತ್ತಾನೆ, ಅಷ್ಟೆ. ಯಜಮಾನಿಕೆ ಬಿಟ್ಟುಕೊಡಬೇಕಾದರೆ ಅದನ್ನು ಹಂಚುವುದಕ್ಕೊಂದು ಉಪಾಯ ಬೇಕು.

ನಮ್ಮ ಉಪಾಯ ಹುಣಸೆ ಬೀಜ. ಬಿಸಿಯೂಟದ ಅಡುಗೆಯವರ ಹತ್ತಿರ ಬೇಡಿ ತಂದ ಬೀಜಗಳನ್ನು ಹಾರ್ಲಿಕ್ಸ್ ಡಬ್ಬಿಯಲ್ಲಿ ತುಂಬಿಟ್ಟೆ. ಡೆಸ್ಕು ಗೋಡೆಗೆ ಸರಿಸಿ, ಜಮಖಾನ ಹಾಸಿ, ವೃತ್ತವಾಗಿ ಕೂತು, ಪ್ರತಿಯೊಬ್ಬರಿಗೂ ಮೂರು ಬೀಜ. ಮಾತಾಡುವ ಮುಂಚೆ ನಡುವಿನ ತಟ್ಟೆಗೆ ಒಂದು ಬೀಜ ಹಾಕಬೇಕು. ಮೂರೂ ಮುಗಿದರೆ ಸುಮ್ಮನಿರಬೇಕು. ಇದು ನಾನು ಕಂಡುಹಿಡಿದದ್ದೇನಲ್ಲ, ಬೇರೆ ದೇಶಗಳ ಶಾಲೆಗಳಲ್ಲಿ ಪ್ಲಾಸ್ಟಿಕ್ ಬಿಲ್ಲೆ ಇಟ್ಟುಕೊಂಡು ಆಡಿಸುತ್ತಾರೆ. ಮೊದಲ ವಾರ ಚೆನ್ನಾಗಿ ನಡೆಯಿತು. ಎರಡನೇ ವಾರ ಆ ಮೂವರಲ್ಲಿ ಒಬ್ಬ ಎಂಟನೇ ಸಲ ಮಾತಾಡುತ್ತಿದ್ದಾನೆ! ನೋಡಿದರೆ, ಊಟದ ಬಿಡುವಿನಲ್ಲಿ ಮಾತಾಡಲು ಇಷ್ಟವಿಲ್ಲದವರಿಂದ ಒಂದು ಬೀಜಕ್ಕೆ ಒಂದು ನೆಲ್ಲಿಕಾಯಿಯಂತೆ ಕೊಂಡಿದ್ದ. ಕೊಬ್ಬರಿ ವ್ಯಾಪಾರದ ಊರಿನ ಮಕ್ಕಳು, ಮಾರುಕಟ್ಟೆ ಹುಟ್ಟಲು ಎಷ್ಟು ಹೊತ್ತು?

ನಾನು ಬೈಯಲು ಬಾಯಿ ತೆಗೆದೆ. ಅಷ್ಟರಲ್ಲಿ ಒಬ್ಬಳು ತನ್ನ ಬೀಜ ತಟ್ಟೆಗೆ ಹಾಕಿ, “ಸಾ, ಇದಕ್ಕೆ ರೂಲ್ಸು ನಾವೇ ಮಾಡ್ತೀವಿ” ಅಂದಳು. ಆ ಪೀರಿಯಡ್ಡೆಲ್ಲ ಅದೇ ಚರ್ಚೆ. ಬೀಜ ಮಾರುವುದು ತಪ್ಪೇ? ಮಾರಿದವನ ಮಾತು ಹೋಯಿತಲ್ಲ, ಅದು ಅವನಿಷ್ಟವೇ? ದುಡ್ಡು ತಗೊಂಡು ಓಟು ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನೀರಗಂಟಿಯ ಮೊಮ್ಮಗ ಕೇಳಿದ. ಪೌರನೀತಿಯ ಪಾಠದಲ್ಲಿ ಚುನಾವಣೆಯ ಬಗ್ಗೆ ನಾನು ಎರಡು ವಾರ ಹೇಳಿದ್ದು ಅಲ್ಲಿಗೆ ತಾನಾಗಿಯೇ ಬಂದು ಕೂತಿತು. ಕೊನೆಗೆ ಅವರು ಮಾಡಿದ ನಿಯಮ: ಬೀಜ ಮಾರುವಂತಿಲ್ಲ, ಆದರೆ ಪ್ರಶ್ನೆ ಕೇಳುವುದಕ್ಕೆ ಬೀಜ ಬೇಡ, ಅಭಿಪ್ರಾಯ ಹೇಳುವುದಕ್ಕೆ ಮಾತ್ರ ಬೇಕು. ಪ್ರಶ್ನೆ ಪುಕ್ಕಟೆ. ನನ್ನ ತಲೆಗೆ ಇಷ್ಟು ಒಳ್ಳೆಯ ನಿಯಮ ಹೊಳೆಯುತ್ತಿರಲಿಲ್ಲ.

ಪ್ರಶ್ನೆ ಪುಕ್ಕಟೆಯಾದ ಮೇಲೆ ಪ್ರಶ್ನೆ ಹುಟ್ಟಿಸುವುದು ಹೇಗೆಂಬ ಯೋಚನೆ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ಬಡವರ ಊರಿದೆ. ಮಕ್ಕಳು ಶಾಲೆ ಬಿಡುವುದನ್ನು ತಡೆಯುವ ಕೆಲಸದಲ್ಲಿದ್ದವರಿಗೆ ಅಲ್ಲಿನ ಪೋಷಕರು ಹೇಳಿದರಂತೆ, ‘ಶಾಲೆಗೆ ಬಂದರೆ ಏನು ಕೇಳಬೇಕೆಂದೇ ಗೊತ್ತಾಗುವುದಿಲ್ಲ, ಅದಕ್ಕೇ ಬರುವುದಿಲ್ಲ’. ಆ ಮಾತಿನಿಂದ ಡ್ಯಾನ್ ರಾತ್‌ಸ್ಟೀನ್ ಮತ್ತು ಲೂಸ್ ಸಂತಾನಾ ಪ್ರಶ್ನೆ ಕಟ್ಟುವ ಒಂದು ಕ್ರಮ ಬೆಳೆಸಿದರು, 2011ರಲ್ಲಿ ಶಿಕ್ಷಕರಿಗಾಗಿ ಅದನ್ನು ಪುಸ್ತಕವಾಗಿಸಿದರು. ಶಿಕ್ಷಕರು ಪ್ರಶ್ನೆ ಕೊಡುವುದಿಲ್ಲ, ಒಂದು ಸಾಲು ಕೊಡುತ್ತಾರೆ. ಮಕ್ಕಳು ಗುಂಪಾಗಿ ಎಷ್ಟು ಸಾಧ್ಯವೋ ಅಷ್ಟು ಪ್ರಶ್ನೆ ಬರೆಯಬೇಕು. ನಡುವೆ ನಿಲ್ಲಿಸಿ ಉತ್ತರ ಹೇಳುವಂತಿಲ್ಲ, ಇದು ಒಳ್ಳೆಯದು ಅದು ಪೆದ್ದು ಅನ್ನುವಂತಿಲ್ಲ, ಹೇಳಿದವರು ಹೇಳಿದಂತೆಯೇ ಬರೆಯಬೇಕು. ಆಮೇಲೆ ಅವರೇ ಮೂರನ್ನು ಆರಿಸಬೇಕು.

ನಾನು ಬೋರ್ಡಿನಲ್ಲಿ ಬರೆದ ಸಾಲು, ‘ಕೆರೆ ಎಲ್ಲರದು’. ಹದಿನೈದು ನಿಮಿಷದಲ್ಲಿ ಬಂದವುಗಳಲ್ಲಿ ಕೆಲವನ್ನು ನೋಟ್‌ಬುಕ್ಕಿನಿಂದ ಎತ್ತಿ ಕೊಡುತ್ತೇನೆ: ಕೆರೆ ಎಲ್ಲರದಾದರೆ ಮೀನಿನ ಹರಾಜಿನ ದುಡ್ಡು ಯಾರಿಗೆ ಹೋಗುತ್ತೆ? ಒಣಗಿದ ಕೆರೆಯನ್ನೂ ಕೆರೆ ಅನ್ನಬೇಕಾ? ಜಾಲಿ ಗಿಡ ನೆಟ್ಟವರು ಯಾರು? ಹೂಳು ತೆಗೆದ ಮಣ್ಣು ಕೆಲವರ ತೋಟಕ್ಕೇ ಯಾಕೆ ಹೋಯಿತು? ಕೋಡಿ ಬಿದ್ದಾಗ ಬಾಗಿನ ಬಿಡೋಕೆ ಎಮ್ಮೆಲ್ಲೆನೇ ಯಾಕೆ ಬರಬೇಕು? ಎಮ್ಮೆಗೂ ಕೆರೇಲಿ ಪಾಲಿದೆಯಾ? ಪಾಠದ ಹಿಂದಿನ ಅಭ್ಯಾಸದಲ್ಲಿ ‘ಕೆರೆಯ ಉಪಯೋಗಗಳನ್ನು ಪಟ್ಟಿ ಮಾಡಿ’ ಎಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಆ ಪ್ರಶ್ನೆಗಳನ್ನು ಇಟ್ಟುಕೊಂಡು ಮುಂದಿನ ಶನಿವಾರ ವೃತ್ತ ಕೂತಿತು. ಅದುವರೆಗೆ ಒಂದೂ ಬೀಜ ಖರ್ಚು ಮಾಡದ ಒಬ್ಬಳಿದ್ದಳು. ಬೀಜಗಳನ್ನು ಲಂಗದ ಮಡಿಲಿನಲ್ಲಿ ಇಟ್ಟುಕೊಂಡು ಸಂಜೆ ಹಾಗೇ ಡಬ್ಬಿಗೆ ವಾಪಸು ಹಾಕುತ್ತಿದ್ದಳು. ಅವತ್ತು ಕೈ ಚಾಚಿ ತಟ್ಟೆಗೆ ಒಂದು ಬೀಜ ಹಾಕಿದಳು. “ನಮ್ಮಜ್ಜಿ ಹೇಳ್ತದೆ ಸಾ, ಮೊದ್ಲು ನಮ್ಮೋರು ಆ ಮೆಟ್ಲು ಇಳಿಯಂಗಿರ್ಲಿಲ್ವಂತೆ. ಕೋಡಿ ತಾವ ಹೋಗಿ ತುಂಬ್ಕೊಬೇಕಿತ್ತಂತೆ.” ಹೇಳಿ ನನ್ನ ಮುಖ ನೋಡಿದಳು. ಮೂವತ್ತೆಂಟು ಮುಖಗಳೂ ನನ್ನ ಕಡೆ ತಿರುಗಿದವು. ಆ ಮೂರನೇ ಹೆಜ್ಜೆಗಾಗಿ.

ನನ್ನ ಬಾಯಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ಸಂವಿಧಾನ, 17ನೇ ವಿಧಿ, ಎಲ್ಲವೂ. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವನಂತೆ ಗೀಚುತ್ತಾ ಕೂತೆ. ಮೂರು ತೆಂಗಿನಕಾಯಿ ಅಲ್ಲ, ಒಂದು ತೋಟವನ್ನೇ ಎಣಿಸಿರಬೇಕು. ಆಮೇಲೆ ಒಬ್ಬ ಕೇಳಿದ, “ಯಾರು ಬ್ಯಾಡ ಅಂದಿದ್ದು?” ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಕೆಲವರಿಗೆ ಚೆನ್ನಾಗಿಯೇ ಗೊತ್ತಿತ್ತು. ಇನ್ನೊಬ್ಬಳು, “ಈಗ ಇಳಿದ್ರೆ?” ಅಂದಳು. “ಈಗ ಕೆರೇಲಿ ನೀರೇ ಇಲ್ವಲ್ಲೇ” ಅಂದ ಒಬ್ಬ. ಎಲ್ಲರೂ ನಕ್ಕರು, ಮೊದಲು ಮಾತಾಡಿದವಳೂ ನಕ್ಕಳು. ನಕ್ಕು, ಎರಡನೇ ಬೀಜ ಹಾಕಿದಳು.

ಅವಳು ಎರಡನೇ ಸಲ ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ಆ ದಿನ ಮಕ್ಕಳು ಇನ್ನೊಂದು ನಿಯಮ ಸೇರಿಸಿಕೊಂಡರು: ವೃತ್ತದಲ್ಲಿ ಆಡಿದ್ದನ್ನು ಹೊರಗೆ ಹೋಗಿ ಆಡಿಕೊಳ್ಳುವಂತಿಲ್ಲ. ಅದು ನನಗೂ ಅನ್ವಯಿಸುತ್ತದೆ.

ಮುಂದಿನ ವಾರ ಅವರೇ, “ಬೇರೆ ಊರಲ್ಲೂ ಹಿಂಗೇ ಇತ್ತಾ ಸಾ?” ಎಂದು ಕೇಳಿದ್ದರಿಂದ ಮಹಾಡಿನ ಚೌದಾರ್ ಕೆರೆಯ ಕಥೆ ಹೇಳಿದೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರು ಕುಡಿದದ್ದು. ಹಿಂದಿನ ವರ್ಷಗಳಲ್ಲೂ ಈ ಕಥೆ ಹೇಳಿದ್ದೆ. ಆಗೆಲ್ಲ ಮಕ್ಕಳು ಇಸವಿ ಬರೆದುಕೊಂಡಿದ್ದರು. ಈ ಸಲ, ಆ ಕೆರೆಗೆ ಎಷ್ಟು ಮೆಟ್ಟಿಲಿತ್ತು ಎಂದು ಕೇಳಿದರು.

ಸ್ಟಾಫ್ ರೂಮಿನಲ್ಲಿ ಬುದ್ಧಿ ಹೇಳಿದವರಿದ್ದರು. “ಇದೆಲ್ಲ ನಿಮಗ್ಯಾಕೆ ಸಾರ್, ನಾಳೆ ಊರವರು ಬಂದು ಕೇಳಿದ್ರೆ?” ಒಬ್ಬರು ಬಂದರು ಕೂಡ. “ನಮ್ಮ ಹುಡ್ಗ ಮನೇಲಿ ಇಲ್ಲದ್ದೆಲ್ಲ ಕೇಳ್ತಾನೆ ಮೇಷ್ಟ್ರೇ, ನೀವು ಪಾಠ ಮಾಡಿ ಸಾಕು.” ನಾನು ಕಾನೂನು ತೋರಿಸಿ ವಾದ ಮಾಡಲಿಲ್ಲ, ಟೀ ಕುಡಿಸಿ ಕಳಿಸಿದೆ. ಆದರೆ ಕಾನೂನು ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಮಗುವನ್ನು ಭಯದಿಂದ ಮುಕ್ತಗೊಳಿಸಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಶೌಚಾಲಯ, ಕಾಂಪೌಂಡು, ಶಿಕ್ಷಕರ ಸಂಖ್ಯೆ ಇದೆಯೇ ಎಂದು ಬಂದು ಎಣಿಸಿ ಹೋಗುತ್ತಾರೆ. ಈ ಸಾಲು ಪಾಲನೆಯಾಗಿದೆಯೇ ಎಂದು ನೋಡಿದವರನ್ನು ನಾನು ಕಂಡಿಲ್ಲ.

ಸಿಲಬಸ್ಸಿನ ಮಾತು ಬಂದೇ ಬರುತ್ತದೆ, ಅದನ್ನು ತಳ್ಳಿಹಾಕುವುದಿಲ್ಲ. ಲೆಕ್ಕ ನೋಡಿ. ಪೀರಿಯಡ್ 40 ನಿಮಿಷ, ಮಕ್ಕಳು 38. ನಾನು ಒಂದಕ್ಷರ ಮಾತಾಡದಿದ್ದರೂ ತಲೆಗೆ ಒಂದು ನಿಮಿಷ ಚಿಲ್ಲರೆ. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕ, ವರ್ಷಕ್ಕೆ 220 ದಿನ ಎಂದು ಅದೇ ಕಾಯ್ದೆ ಹೇಳುತ್ತದೆ. ಆ ದಿನಗಳಲ್ಲಿ ತರಬೇತಿ, ಜಯಂತಿ, ಗಣತಿ, ಆನ್‌ಲೈನ್ ಎಂಟ್ರಿ ಎಂದು ಎಷ್ಟು ಸೋರಿಹೋಗುತ್ತವೆ ಎಂಬುದು ಶಿಕ್ಷಕರಿಗೆ ಗೊತ್ತು. ಆ ವರ್ಷ ನಾನು ಕೊನೆಯ ಎರಡು ಪಾಠಗಳನ್ನು ಫೆಬ್ರವರಿಯಲ್ಲಿ ಕುದುರೆ ಓಡಿಸಿದ ಹಾಗೆ ಓಡಿಸಿದೆ. ತಪ್ಪೇ. ಎಲ್ಲವನ್ನೂ ಚರ್ಚೆಯಿಂದ ಕಲಿಸಲಾಗುತ್ತದೆ ಎಂಬ ಹಟವೂ ನನಗಿಲ್ಲ. ಅಕ್ಷಾಂಶ, ರೇಖಾಂಶವನ್ನು ಮಕ್ಕಳು ವೃತ್ತದಲ್ಲಿ ಕೂತು ಮಾತಾಡಿ ಕಂಡುಹಿಡಿಯಲಾರರು. ಅದನ್ನು ಗೋಳ ಹಿಡಿದು ಹೇಳಿಕೊಡಬೇಕು. ಯಾರಾದರೂ ವೃತ್ತದಲ್ಲಿ ತಪ್ಪು ಮಾಹಿತಿ ಹೇಳಿದರೆ ಬೋರ್ಡಿನ ಮೂಲೆಯಲ್ಲಿ ‘ನೋಡಬೇಕಾದ್ದು’ ಎಂದು ಬರೆದಿಡುತ್ತೇವೆ. ಪುಸ್ತಕದಲ್ಲಿ, ಪಂಚಾಯಿತಿಯಲ್ಲಿ, ಮನೆಯಲ್ಲಿ ವಿಚಾರಿಸಿ ಸೋಮವಾರ ಬರುವುದು ಅವರ ಕೆಲಸ.

ಪಠ್ಯವನ್ನು ಬಿಡದೆಯೇ ಮಾತು ಮಕ್ಕಳ ಕೈಗೆ ಕೊಡುವ ದಾರಿಯೂ ಇದೆ. ಆನ್‌ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮದೇ ವಯಸ್ಸಿನ ಮಕ್ಕಳ ಮೇಲೆ ನಡೆದದ್ದು. ಓದಲು ಬರುತ್ತದೆ, ಓದಿದ್ದು ಅರ್ಥವಾಗುವುದಿಲ್ಲ ಎಂಬಂಥ ಏಳನೇ ತರಗತಿಯವರು. ಸಣ್ಣ ಗುಂಪು, ಒಂದು ಪ್ಯಾರಾ, ಮಕ್ಕಳು ಸರದಿಯಂತೆ ‘ಮೇಷ್ಟ್ರು’ ಆಗುತ್ತಾರೆ. ಮೇಷ್ಟ್ರಾದವನು ಆ ಪ್ಯಾರಾದ ಮೇಲೆ ಪ್ರಶ್ನೆ ಕೇಳಬೇಕು, ಸಾರಾಂಶ ಹೇಳಬೇಕು, ತೊಡಕಿನ ಪದ ಬಿಡಿಸಬೇಕು, ಮುಂದೇನು ಬರಬಹುದೆಂದು ಊಹಿಸಬೇಕು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ, ದಿನ ಕಳೆದಂತೆ ಹಿಂದೆ ಸರಿಯುತ್ತಾರೆ. ಸುಮಾರು ಇಪ್ಪತ್ತು ದಿನದ ಅಭ್ಯಾಸದಲ್ಲೇ ಆ ಮಕ್ಕಳ ಗ್ರಹಿಕೆ ಚೆನ್ನಾಗಿ ಏರಿತ್ತು. ನಾನು ಇದನ್ನು ಇತಿಹಾಸದ ಪಾಠಕ್ಕೆ ಹಚ್ಚಿದೆ. ನಮ್ಮವರು ಆ ನಾಲ್ಕು ಕೆಲಸಕ್ಕೆ ಇಟ್ಟ ಹೆಸರು: ಕೆದಕೋನು, ಹಿಂಡೋನು, ಬಿಡಿಸೋನು, ಕಣಿ ಹೇಳೋನು. ಕಣಿ ಹೇಳುವ ಕೆಲಸಕ್ಕೆ ಮಾತ್ರ ದಿನಾ ಜಗಳ.

ಇಂಥ ಮಾತುಕತೆಗೆ ಜಗತ್ತಿನಲ್ಲಿ ಅತಿ ಹೆಸರಾದದ್ದು ಹಾರ್ಕ್‌ನೆಸ್ ಮೇಜು. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಶ್ರೀಮಂತ ಅಮೆರಿಕದ ಫಿಲಿಪ್ಸ್ ಎಕ್ಸೆಟರ್ ಶಾಲೆಗೆ 58 ಲಕ್ಷ ಡಾಲರ್ ಕೊಟ್ಟು, ಸಾಲು ಬೆಂಚು ಬಿಟ್ಟು ಮಕ್ಕಳು ಮೊಟ್ಟೆಯಾಕಾರದ ಮೇಜಿನ ಸುತ್ತ ಕೂತು ಕಲಿಯುವ ಕ್ರಮಕ್ಕೆ ದಾರಿಮಾಡಿದ. ಒಂದು ಮೇಜಿಗೆ ಹನ್ನೆರಡು ಮಂದಿಯಷ್ಟೆ. ಆ ಮೇಜು ನಮ್ಮ ಕೊಠಡಿಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಉಳಿದ ಇಪ್ಪತ್ತಾರು ಮಕ್ಕಳು ಎಲ್ಲಿ ಕೂರಬೇಕು? ನಾವು ಹನ್ನೆರಡು ಜನರನ್ನು ಒಳಸುತ್ತಿನಲ್ಲಿ, ಮಿಕ್ಕವರನ್ನು ಹೊರಸುತ್ತಿನಲ್ಲಿ ಕೂರಿಸುತ್ತೇವೆ. ಹೊರಗಿನವರು ಇಬ್ಬಿಬ್ಬರು ಸೇರಿ ಒಳಗಿನ ಒಬ್ಬರನ್ನು ಗಮನಿಸಬೇಕು: ಏನು ಹೇಳಿದರು, ಯಾರ ಮಾತಿಗೆ ಹೇಳಿದರು. ಕಾಲುಗಂಟೆಗೆ ಸುತ್ತು ಬದಲು. ಎಕ್ಸೆಟರಿನಿಂದ ನಾನು ತಂದುಕೊಂಡದ್ದು ಒಂದೇ. ಅಲ್ಲಿ ಮೇಜಿನ ನಕ್ಷೆ ಬರೆದು, ಮಾತು ಯಾರಿಂದ ಯಾರಿಗೆ ಹೋಯಿತೆಂದು ಗೆರೆ ಎಳೆಯುತ್ತಾರೆ. ನಮ್ಮಲ್ಲಿ ಆ ಗೆರೆ ಎಳೆಯುವ ಕೆಲಸ ಕ್ಲಾಸ್ ಲೀಡರಿನದು. ‘ಮಾತಾಡಿದವರು’ ಪಟ್ಟಿ ಬರೆಯುತ್ತಿದ್ದವನೇ. ಮೊದಲ ನಕ್ಷೆಯಲ್ಲಿ ಗೆರೆಗಳೆಲ್ಲ ಹುಡುಗರ ಕಡೆ ಜೇಡರ ಬಲೆಯಾಗಿದ್ದವು, ಹುಡುಗಿಯರ ಕಡೆ ಖಾಲಿ. ನಾನು ಏನೂ ಹೇಳದೆ ಅದನ್ನು ಗೋಡೆಗೆ ಅಂಟಿಸಿದೆ. ಅವರೇ ಮುಂದಿನ ವಾರ ಹುಡುಗ ಹುಡುಗಿ ಬೆರೆತು ಕೂತರು.

ಇಷ್ಟು ಬರೆಯುವಾಗ ನಮ್ಮ ಇಲಾಖೆಯ ಇನ್ನೊಂದು ‘ಚರ್ಚೆ’ಯೂ ನೆನಪಾಗುತ್ತದೆ. ಪ್ರತಿಭಾ ಕಾರಂಜಿಯ ಚರ್ಚಾ ಸ್ಪರ್ಧೆ. ‘ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ’ ಎಂದು ಶುರುವಾಗಿ, ಮೇಷ್ಟ್ರು ಬರೆದುಕೊಟ್ಟದ್ದನ್ನು ಕೈ ಬೀಸುತ್ತಾ ಒಪ್ಪಿಸಿ ಮುಗಿಯುತ್ತದೆ. ಪರವಾಗಿ ಮಾತಾಡಿದವಳಿಗೆ ವಿರೋಧದವಳು ಏನಂದಳೆಂದು ಕೇಳಿ ನೋಡಿ, ಗೊತ್ತಿರುವುದಿಲ್ಲ, ತನ್ನ ಸಾಲು ಮರೆತು ಹೋಗದಿರಲೆಂದು ಜಪ ಮಾಡುತ್ತಿರುತ್ತಾಳೆ. ನಾನೂ ಇಂಥ ಭಾಷಣ ಬರೆದುಕೊಟ್ಟು ತಾಲ್ಲೂಕು ಮಟ್ಟದಲ್ಲಿ ಬಹುಮಾನ ತಂದವನು. ಶಾಲಾ ಸಂಸತ್ತಿನ ಕಥೆಯೂ ಇದೇ. ಪ್ರಧಾನಮಂತ್ರಿ ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಾನೆ, ನೀರಾವರಿ ಮಂತ್ರಿ ಗಿಡಕ್ಕೆ ನೀರು ಹಾಕುತ್ತಾಳೆ, ಸಂಸತ್ತು ಸೇರುವುದು ಮಾತ್ರ ಪ್ರಮಾಣವಚನದ ದಿನ ಫೋಟೊಗಾಗಿ.

ಇದಕ್ಕಿಂತ ಜೀವಂತವಾದದ್ದು ಮಕ್ಕಳ ಗ್ರಾಮಸಭೆ. ಗ್ರಾಮ ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಕ್ಕಳನ್ನು ಸೇರಿಸಿ ಅವರ ಅಹವಾಲು ಕೇಳಬೇಕೆಂಬ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಹಲವು ಕಡೆ ಅದೂ ಬಿಸ್ಕತ್ತು ಹಂಚಿ ಮುಗಿಯುತ್ತದೆ. ಆ ವರ್ಷ ನಮ್ಮ ಏಳನೇ ತರಗತಿಯವರು ವೃತ್ತದಲ್ಲಿ ಆರಿಸಿದ ಮೂರು ಪ್ರಶ್ನೆ ಹಿಡಿದು ಹೋದರು. ಹಾದಿಯಲ್ಲಿ ನಾನು ಏನೂ ಹೇಳಿಕೊಡಲಿಲ್ಲ, ಹೇಳಿಕೊಡಬೇಕೆಂದು ನಾಲಿಗೆ ತುರಿಸಿದ್ದು ನಿಜ. ಮೀನಿನ ಹರಾಜಿನ ಲೆಕ್ಕವನ್ನು ಸಭೆಯಲ್ಲೇ ಓದಿ ಹೇಳಿದರು. ಹೂಳಿನ ಪ್ರಶ್ನೆಗೆ ‘ಪರಿಶೀಲಿಸಲಾಗುವುದು’ ಅಂದರು. ‘ಪರಿಶೀಲಿಸಲಾಗುವುದು ಅಂದ್ರೆ ಯಾರು ಪರಿಶೀಲಿಸ್ತಾರೆ?’ ಎಂದು ಆ ಹುಡುಗಿ, ಮಡಿಲಲ್ಲಿ ಬೀಜ ಇಟ್ಟುಕೊಳ್ಳುತ್ತಿದ್ದವಳು, ಎದ್ದು ನಿಂತು ಕೇಳಿದಳು. ಪ್ರಶ್ನೆಗೆ ಬೀಜ ಬೇಕಿಲ್ಲವಲ್ಲ. ಮೂರನೆಯ ಪ್ರಶ್ನೆ, ಕೆರೆಯ ಅಳತೆ ಎಷ್ಟು, ಈಗ ಎಷ್ಟು ಉಳಿದಿದೆ ಎಂಬುದು, ಮರುವರ್ಷವೂ ಪಟ್ಟಿಯಲ್ಲಿತ್ತು.

ಆ ತಂಡ ಎಂಟನೇ ತರಗತಿಗೆ ಬಂದ ಮೊದಲ ಶನಿವಾರ ನಾನು ಹಾರ್ಲಿಕ್ಸ್ ಡಬ್ಬಿ ತೆಗೆದೆ. ಬೇಸಿಗೆ ರಜೆಯಲ್ಲಿ ಬೀಜಕ್ಕೆ ಹುಳು ಬಿದ್ದು, ಅರ್ಧ ಪುಡಿಯಾಗಿತ್ತು. ಹೊಸದು ತರಿಸೋಣವೇ ಎಂದು ಕೇಳಿದೆ. “ನಮಗಿನ್ನು ಬ್ಯಾಡ ಸಾ, ಹಂಗೇ ಮಾತಾಡ್ತೀವಿ” ಅಂದರು. ಡಬ್ಬಿಯನ್ನು ತೊಳೆದು, ಒಣಗಿಸಿ, ಮನೆಯಿಂದ ತಂದ ಹೊಸ ಬೀಜ ತುಂಬಿ, ನಿಯಮಗಳ ಚೀಟಿ ಒಳಗಿಟ್ಟು, ಅವರೇ ಹೋಗಿ ಆರನೇ ತರಗತಿಯವರಿಗೆ ಕೊಟ್ಟು ಬಂದರು.